ಆಂಗ್ಲ ಭಾಷೆಯ ಕ್ರಿಯಾವಿಶೇಷಣಗಳು: ನಿಯಮ ಮತ್ತು ಆದೇಶಗಳನ್ನು ಸರಿಯಾಗಿ ಓದುವ ಬಗೆ

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅಧ್ಯಯನಕ್ಕಾಗಿ

1. ಪೀಠಿಕೆ

ಕನ್ನಡವು 1963ರ ಕರ್ನಾಟಕ ರಾಜಭಾಷಾ ಅಧಿನಿಯಮದನ್ವಯ ನಮ್ಮ ರಾಜ್ಯದ ಆಡಳಿತ ಭಾಷೆಯಾಗಿದೆ. ಪಂಚಾಯಿತಿಯ ನಡವಳಿ, ಠರಾವು, ನೋಟೀಸುಗಳು ಕನ್ನಡದಲ್ಲಿಯೇ ಇರುವುದು ಸಹಜವೂ ಹೌದು, ಅಗತ್ಯವೂ ಹೌದು. ಆದರೂ ಕೇಂದ್ರ ಪುರಸ್ಕೃತ ಯೋಜನೆಗಳ ಮಾರ್ಗಸೂಚಿ, ಟೆಂಡರ್ ದಾಖಲೆ, ಅಂದಾಜು ಪಟ್ಟಿ, ಜಾಲತಾಣದ ನಮೂನೆ ಮುಂತಾದವು ಅನೇಕ ವೇಳೆ ಆಂಗ್ಲ ಭಾಷೆಯಲ್ಲಿ ಪಂಚಾಯಿತಿಯ ಕಚೇರಿಯನ್ನು ತಲುಪುತ್ತವೆ. ಇದಲ್ಲದೆ, ಸಂವಿಧಾನದ 348ನೇ ಅನುಚ್ಛೇದದ ಪ್ರಕಾರ, ಸಂಸತ್ತು ಬೇರೆ ವ್ಯವಸ್ಥೆಯನ್ನು ಮಾಡುವವರೆಗೆ ಕಾಯ್ದೆಗಳ ಅಧಿಕೃತ ಪಾಠವು ಆಂಗ್ಲ ಭಾಷೆಯಲ್ಲಿರತಕ್ಕದ್ದು. ಆದ್ದರಿಂದ ಒಂದು ನಿಯಮದ ಅರ್ಥದ ಬಗ್ಗೆ ವಿವಾದ ಉಂಟಾದಾಗ ಆಂಗ್ಲ ಪಾಠದ ಒಂದೊಂದು ಪದಕ್ಕೂ ಬೆಲೆಯಿದೆ.

ಇಂತಹ ದಾಖಲೆಗಳನ್ನು ಓದುವಾಗ ನಾಮಪದಗಳು ಅಷ್ಟಾಗಿ ತೊಡಕನ್ನುಂಟುಮಾಡುವುದಿಲ್ಲ. ‘ಗ್ರ್ಯಾಂಟ್’, ‘ವಾರ್ಡ್’, ‘ಬೆನಿಫಿಷಿಯರಿ’ ಮೊದಲಾದ ಪದಗಳು ನಮ್ಮ ನಿತ್ಯದ ಮಾತಿನಲ್ಲಿಯೇ ಬೆರೆತಿವೆ. ತೊಡಕು ಉಂಟಾಗುವುದು ಸಣ್ಣ ಪದಗಳಲ್ಲಿ: ‘ಓನ್ಲಿ’, ‘ನಾಟ್’, ‘ಹಾರ್ಡ್ಲಿ’, ‘ಆರ್ಡಿನರಿಲಿ’, ‘ರೆಸ್ಪೆಕ್ಟಿವ್ಲಿ’, ‘ಫೋರ್ತ್‌ವಿತ್’. ಇವೆಲ್ಲವೂ ಕ್ರಿಯಾವಿಶೇಷಣಗಳು. ಅನುದಾನ ಯಾರಿಗೆ, ಎಷ್ಟು, ಯಾವಾಗ, ಯಾವ ಮಿತಿಯೊಳಗೆ ಎಂಬುದನ್ನು ಹಲವು ಬಾರಿ ತೀರ್ಮಾನಿಸುವುದು ಇವೇ. ಈ ಪಾಠದಲ್ಲಿ ಅವುಗಳ ಸ್ವರೂಪವನ್ನು ಪಂಚಾಯಿತಿಯ ಕಾರ್ಯಕ್ಕೆ ಹೊಂದುವ ಉದಾಹರಣೆಗಳ ಮೂಲಕ ವಿವರಿಸಲಾಗಿದೆ.

2. ಕ್ರಿಯಾವಿಶೇಷಣವೆಂದರೇನು?

ಕ್ರಿಯೆಯು ಹೇಗೆ, ಎಲ್ಲಿ, ಯಾವಾಗ, ಎಷ್ಟು ಬಾರಿ, ಎಷ್ಟರ ಮಟ್ಟಿಗೆ ನಡೆಯಿತು ಎಂಬುದನ್ನು ತಿಳಿಸುವ ಪದವೇ ಕ್ರಿಯಾವಿಶೇಷಣ. ಆಂಗ್ಲ ವ್ಯಾಕರಣದಲ್ಲಿ ಇದಕ್ಕೆ ‘ಆಡ್‌ವರ್ಬ್’ ಎಂದು ಹೆಸರು. ಹೆಸರಿನಲ್ಲಿ ಕ್ರಿಯೆ ಮಾತ್ರವೇ ಇದ್ದರೂ ಇದರ ವ್ಯಾಪ್ತಿ ಅದಕ್ಕಿಂತ ದೊಡ್ಡದು. ಇದು ನಾಲ್ಕು ಬಗೆಯಲ್ಲಿ ಕೆಲಸ ಮಾಡುತ್ತದೆ.

ಅ) ಕ್ರಿಯಾಪದವನ್ನು ವಿಶೇಷಿಸುವುದು: ‘ದ ಟ್ಯಾಂಕ್ ಲೀಕ್ಸ್ ಬ್ಯಾಡ್ಲಿ’. ನೀರಿನ ತೊಟ್ಟಿ ವಿಪರೀತವಾಗಿ ಸೋರುತ್ತಿದೆ.

ಆ) ಗುಣವಾಚಕವನ್ನು ವಿಶೇಷಿಸುವುದು: ‘ಎ ವೆರಿ ಓಲ್ಡ್ ಟ್ಯಾಂಕ್’. ಬಹಳ ಹಳೆಯ ತೊಟ್ಟಿ.

ಇ) ಮತ್ತೊಂದು ಕ್ರಿಯಾವಿಶೇಷಣವನ್ನು ವಿಶೇಷಿಸುವುದು: ‘ದ ವರ್ಕ್ ಈಸ್ ಮೂವಿಂಗ್ ವೆರಿ ಸ್ಲೋಲಿ’. ಕಾಮಗಾರಿ ಬಹಳ ನಿಧಾನವಾಗಿ ಸಾಗುತ್ತಿದೆ.

ಈ) ಇಡೀ ವಾಕ್ಯವನ್ನೇ ವಿಶೇಷಿಸುವುದು: ‘ಅಕಾರ್ಡಿಂಗ್ಲಿ, ದ ಬಿಲ್ ವಾಸ್ ರಿಟರ್ನ್ಡ್’. ಅದರಂತೆ ಬಿಲ್ಲನ್ನು ಹಿಂದಿರುಗಿಸಲಾಯಿತು.

ಕನ್ನಡ ವ್ಯಾಕರಣ ಬಲ್ಲವರಿಗೆ ಇದು ಹೊಸದಲ್ಲ. ಕೇಶಿರಾಜನು 13ನೇ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣವಿದೆ. ಲಿಂಗ, ವಚನ, ವಿಭಕ್ತಿಗಳಿಂದ ರೂಪ ಬದಲಾಗದ ಪದವೇ ಅವ್ಯಯ. ಮೆಲ್ಲನೆ, ಥಟ್ಟನೆ, ಸರಸರನೆ, ಬೇಗನೆ ಎಂಬಿವು ನಾವು ದಿನವೂ ಬಳಸುವ ಕ್ರಿಯಾವಿಶೇಷಣಗಳೇ.

3. ರೂಪ: ‘ಲಿ’ ಪ್ರತ್ಯಯ ಮತ್ತು ಅದರ ಮೋಸ

ಕನ್ನಡದಲ್ಲಿ ‘ನಿಧಾನ’ ಎಂಬುದಕ್ಕೆ ‘ಆಗಿ’ ಸೇರಿದರೆ ‘ನಿಧಾನವಾಗಿ’ ಎಂದಾಗುವಂತೆ, ಆಂಗ್ಲದಲ್ಲಿ ಗುಣವಾಚಕಕ್ಕೆ ‘ಲಿ’ ಸೇರಿ ಕ್ರಿಯಾವಿಶೇಷಣವಾಗುತ್ತದೆ. ‘ಸ್ಲೋ’ ಎಂಬುದು ‘ಸ್ಲೋಲಿ’, ‘ಕ್ಲಿಯರ್’ ಎಂಬುದು ‘ಕ್ಲಿಯರ್ಲಿ’, ‘ರೆಗ್ಯುಲರ್’ ಎಂಬುದು ‘ರೆಗ್ಯುಲರ್ಲಿ’. ಆದರೆ ಈ ಸೂತ್ರವನ್ನು ಎಲ್ಲೆಡೆ ಅನ್ವಯಿಸಲಾಗದು. ಮೂರು ಸಂಗತಿಗಳನ್ನು ಗಮನದಲ್ಲಿಡಬೇಕು.

ಮೊದಲನೆಯದು, ‘ಲಿ’ಯಿಂದ ಕೊನೆಗೊಳ್ಳುವುದೆಲ್ಲ ಕ್ರಿಯಾವಿಶೇಷಣವಲ್ಲ. ‘ಟೈಮ್ಲಿ ಪೇಮೆಂಟ್’ ಎಂಬಲ್ಲಿ ‘ಟೈಮ್ಲಿ’ ಗುಣವಾಚಕ. ಅದು ‘ಪೇಮೆಂಟ್’ ಎಂಬ ನಾಮಪದವನ್ನು ವರ್ಣಿಸುತ್ತದೆ. ‘ಕಾಸ್ಟ್ಲಿ’, ‘ಫ್ರೆಂಡ್ಲಿ’ ಎಂಬಿವೂ ಹಾಗೆಯೇ. ‘ಮಂತ್ಲಿ’, ‘ವೀಕ್ಲಿ’, ‘ಡೈಲಿ’ ಎಂಬಿವು ಎರಡೂ ಬಗೆಯಲ್ಲಿ ಬರುತ್ತವೆ: ‘ಮಂತ್ಲಿ ಮೀಟಿಂಗ್’ ಎಂದರೆ ಮಾಸಿಕ ಸಭೆ, ‘ದ ಕಮಿಟಿ ಮೀಟ್ಸ್ ಮಂತ್ಲಿ’ ಎಂದರೆ ಸಮಿತಿಯು ತಿಂಗಳಿಗೊಮ್ಮೆ ಸೇರುತ್ತದೆ.

ಎರಡನೆಯದು, ‘ಲಿ’ ಇಲ್ಲದೆಯೂ ಕ್ರಿಯಾವಿಶೇಷಣವಾಗುವ ಪದಗಳಿವೆ: ‘ಫಾಸ್ಟ್’, ‘ಸೂನ್’, ‘ವೆಲ್’, ‘ಆಲ್ವೇಸ್’, ‘ನೆವರ್’, ‘ನಾಟ್’.

ಮೂರನೆಯದು ಬಹು ಮುಖ್ಯವಾದುದು. ಕೆಲವು ಪದಗಳಿಗೆ ‘ಲಿ’ ಸೇರಿದಾಗ ಅರ್ಥವೇ ಬೇರೆಯಾಗುತ್ತದೆ. ‘ದ ಲೇಬರರ್ಸ್ ವರ್ಕ್ಡ್ ಹಾರ್ಡ್’ ಎಂದರೆ ಕೂಲಿಕಾರರು ಶ್ರಮವಹಿಸಿ ದುಡಿದರು. ‘ದ ಲೇಬರರ್ಸ್ ಹಾರ್ಡ್ಲಿ ವರ್ಕ್ಡ್’ ಎಂದರೆ ಅವರು ಕೆಲಸವನ್ನೇ ಮಾಡಲಿಲ್ಲವೆಂಬಷ್ಟು ಕಡಿಮೆ ಮಾಡಿದರು. ತಪಾಸಣಾ ವರದಿಯಲ್ಲಿ ಮೊದಲ ವಾಕ್ಯ ಪ್ರಶಂಸೆ, ಎರಡನೆಯದು ಆಪಾದನೆ. ಹಾಗೆಯೇ ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ನಿಯರ್’ ಎಂದರೆ ಹತ್ತಿರ, ‘ನಿಯರ್ಲಿ’ ಎಂದರೆ ಬಹುಪಾಲು, ಆದರೆ ಪೂರ್ತಿಯಲ್ಲ.

4. ಪ್ರಮಾಣ ಸೂಚಕಗಳು: ಎಷ್ಟರ ಮಟ್ಟಿಗೆ?

ಕಾಮಗಾರಿಯ ಪ್ರಗತಿ ವರದಿಯಲ್ಲಿ ‘ಕಂಪ್ಲೀಟೆಡ್’ ಎಂಬ ಪದ ಕಂಡೊಡನೆ ಮುಗಿಯಿತೆಂದು ತಿಳಿಯಬಾರದು. ಅದರ ಹಿಂದಿರುವ ಪದವನ್ನು ನೋಡಬೇಕು. ‘ಪಾರ್ಷಲಿ ಕಂಪ್ಲೀಟೆಡ್’ ಎಂದರೆ ಭಾಗಶಃ ಮುಗಿದಿದೆ. ‘ಸಬ್‌ಸ್ಟಾಂಷಿಯಲಿ ಕಂಪ್ಲೀಟೆಡ್’ ಎಂದರೆ ಬಹುಮಟ್ಟಿಗೆ ಮುಗಿದಿದೆ. ‘ನಿಯರ್ಲಿ’ ಅಥವಾ ‘ಆಲ್ಮೋಸ್ಟ್ ಕಂಪ್ಲೀಟೆಡ್’ ಎಂದರೆ ಮುಗಿಯುವ ಹಂತದಲ್ಲಿದೆ. ‘ಫುಲ್ಲಿ ಕಂಪ್ಲೀಟೆಡ್’ ಎಂದಾಗ ಮಾತ್ರ ಸಂಪೂರ್ಣವಾಗಿದೆ. ಅಂತಿಮ ಬಿಲ್ಲಿಗೆ ಒಪ್ಪಿಗೆ ಕೇಳಿದಾಗ ಈ ವ್ಯತ್ಯಾಸವೇ ನಿರ್ಣಾಯಕ. ಅಂತೆಯೇ ಅಂದಾಜು ಪಟ್ಟಿಯಲ್ಲಿ ‘ಅಪ್ರಾಕ್ಸಿಮೇಟ್ಲಿ 200 ಮೀಟರ್’ ಎಂದಿದ್ದರೆ ಅದು ಸುಮಾರು ಲೆಕ್ಕ. ಅಳತೆ ಪುಸ್ತಕದಲ್ಲಿ ‘ಸುಮಾರು’ ಎಂಬುದಕ್ಕೆ ಸ್ಥಾನವಿಲ್ಲ.

ಕನಿಷ್ಠ ಮತ್ತು ಗರಿಷ್ಠ ಮಿತಿಯನ್ನು ಹೇಳುವ ಪದಪುಂಜಗಳೂ ಇದೇ ಗುಂಪಿಗೆ ಸೇರುತ್ತವೆ. ‘ಅಟ್ ಲೀಸ್ಟ್’ ಮತ್ತು ‘ನಾಟ್ ಲೆಸ್ ದ್ಯಾನ್’ ಎಂದರೆ ಕನಿಷ್ಠ. ಅದಕ್ಕಿಂತ ಹೆಚ್ಚಾಗಬಹುದು, ಕಡಿಮೆಯಾಗಬಾರದು. ‘ಅಟ್ ಮೋಸ್ಟ್’ ಮತ್ತು ‘ನಾಟ್ ಮೋರ್ ದ್ಯಾನ್’ ಎಂದರೆ ಗರಿಷ್ಠ, ಕಡಿಮೆಯಾಗಬಹುದು, ಮೀರಬಾರದು.

ಸಂವಿಧಾನದ 243ಡಿ ಅನುಚ್ಛೇದವು ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದರಷ್ಟು ಸ್ಥಾನಗಳನ್ನು ಮೀಸಲಿಡುವಾಗ ‘ನಾಟ್ ಲೆಸ್ ದ್ಯಾನ್’ ಎಂಬ ಪದಗಳನ್ನು ಬಳಸಿದೆ. ಅದು ನೆಲಮಟ್ಟವೇ ಹೊರತು ಛಾವಣಿಯಲ್ಲ. ಕರ್ನಾಟಕದಲ್ಲಿ ಪಂಚಾಯಿತಿಗಳ ಮಹಿಳಾ ಮೀಸಲಾತಿಯು ಶೇ. 50ಕ್ಕೆ ಏರುವುದಕ್ಕೆ ಆ ಪದಗಳು ಅಡ್ಡಿಯಾಗಲಿಲ್ಲ. ಅಲ್ಲಿ ‘ನಾಟ್ ಮೋರ್ ದ್ಯಾನ್’ ಎಂದಿದ್ದರೆ ಇಂದು ಸಭೆಯಲ್ಲಿ ಆಸೀನರಾಗಿರುವ ಅನೇಕ ಸದಸ್ಯೆಯರಿಗೆ ಆ ಅವಕಾಶ ಒದಗುತ್ತಿರಲಿಲ್ಲ.

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ 3ನೇ ಪ್ರಕರಣದ ಪದರಚನೆಯೂ ಗಮನಾರ್ಹ. ಅದರಲ್ಲಿ 100 ದಿನಗಳ ಕೆಲಸದ ಮಾತು ಬರುವಲ್ಲಿ ‘ನಾಟ್ ಲೆಸ್ ದ್ಯಾನ್’ ಎಂದೂ, ಕೂಲಿ ಪಾವತಿಯ ಮಾತು ಬರುವಲ್ಲಿ ಕೆಲಸ ಮಾಡಿದ ದಿನದಿಂದ ಹದಿನೈದು ದಿನಗಳಿಗೆ ‘ನಾಟ್ ಲೇಟರ್ ದ್ಯಾನ್’ ಎಂದೂ ಬರೆಯಲಾಯಿತು. ಎರಡರಲ್ಲಿಯೂ ‘ನಾಟ್’ ಇದೆ. ಮೊದಲನೆಯದು ಕನಿಷ್ಠ ಮಿತಿ, ಎರಡನೆಯದು ಗರಿಷ್ಠ ಗಡುವು. ‘ಲೆಸ್’ ಮತ್ತು ‘ಲೇಟರ್’ ಎಂಬ ಎರಡು ಪದಗಳೇ ಈ ಅಂತರವನ್ನು ಉಂಟುಮಾಡಿವೆ.

5. ಕಾಲ ಸೂಚಕಗಳು: ಯಾವಾಗ, ಎಷ್ಟು ಬಾರಿ?

‘ಇಮ್ಮೀಡಿಯೆಟ್ಲಿ’ ಎಂದರೆ ತಕ್ಷಣ. ‘ಫೋರ್ತ್‌ವಿತ್’ ಎಂಬುದು ಕಾನೂನಿನ ಪದ. ಅನಗತ್ಯ ವಿಳಂಬವಿಲ್ಲದೆ ಎಂದು ಅದರ ಭಾವ. ‘ಷಾರ್ಟ್ಲಿ’ ಎಂದರೆ ಸ್ವಲ್ಪ ಕಾಲದಲ್ಲಿ. ‘ಹೆನ್ಸ್‌ಫೋರ್ತ್’ ಎಂದರೆ ಇನ್ನು ಮುಂದೆ. ‘ದೇರ್‌ಆಫ್ಟರ್’ ಎಂದರೆ ಆ ನಂತರ.

2005ರ ಮಾಹಿತಿ ಹಕ್ಕು ಕಾಯ್ದೆಯು ಈ ವಿಷಯದಲ್ಲಿ ಉತ್ತಮ ಪಾಠ. 7ನೇ ಪ್ರಕರಣವು ಮಾಹಿತಿಯನ್ನು ‘ಆಸ್ ಎಕ್ಸ್‌ಪೆಡಿಷಿಯಸ್ಲಿ ಆಸ್ ಪಾಸಿಬಲ್’ ನೀಡಬೇಕೆಂದು ಹೇಳಿ, ಯಾವುದೇ ಸಂದರ್ಭದಲ್ಲಿ 30 ದಿನಗಳೊಳಗೆ ಎಂಬ ಮಿತಿಯನ್ನು ಸೇರಿಸುತ್ತದೆ. ಸಾಧ್ಯವಾದಷ್ಟು ಶೀಘ್ರವಾಗಿ ಎಂಬುದು ಮೊದಲ ಕರ್ತವ್ಯ. 30 ದಿನ ಎಂಬುದು ಕೊನೆಯ ಗಡಿ. ಎರಡನೇ ದಿನವೇ ಕೊಡಬಹುದಾದ ನಡವಳಿಯ ಪ್ರತಿಯನ್ನು 29ನೇ ದಿನದವರೆಗೆ ಇಟ್ಟುಕೊಳ್ಳುವುದಕ್ಕೆ ಆ ಮಾತು ಸಮರ್ಥನೆ ನೀಡುವುದಿಲ್ಲ. ಕಾಯ್ದೆಯ 6ನೇ ಪ್ರಕರಣದಲ್ಲಿ, ಅರ್ಜಿಯನ್ನು ಬೇರೆ ಪ್ರಾಧಿಕಾರಕ್ಕೆ ವರ್ಗಾಯಿಸಿದಾಗ ಅರ್ಜಿದಾರರಿಗೆ ‘ಇಮ್ಮೀಡಿಯೆಟ್ಲಿ’ ತಿಳಿಸಬೇಕೆಂದಿದೆ. ಆ ಒಂದು ಪದವನ್ನು ಬಿಟ್ಟು ಓದಿದರೆ ತಿಳಿಸುವ ಕರ್ತವ್ಯ ಉಳಿಯುತ್ತದೆ, ಅದರ ತುರ್ತು ಉಳಿಯುವುದಿಲ್ಲ.

ಪಂಚಾಯಿತಿಯ ಅವಧಿಯನ್ನು ಕುರಿತ ಸಂವಿಧಾನದ 243ಇ ಅನುಚ್ಛೇದದಲ್ಲಿ ಎರಡು ಸಣ್ಣ ಪದಪುಂಜಗಳಿವೆ. ‘ಅನ್‌ಲೆಸ್ ಸೂನರ್ ಡಿಸಾಲ್ವ್ಡ್’ ಎಂದರೆ ಅದಕ್ಕೂ ಮೊದಲೇ ವಿಸರ್ಜನೆಗೊಳ್ಳದಿದ್ದರೆ. ‘ಅಂಡ್ ನೋ ಲಾಂಗರ್’ ಎಂದರೆ ಅದಕ್ಕಿಂತ ಹೆಚ್ಚು ಕಾಲವಿಲ್ಲ. ಮೊದಲ ಸಭೆಗೆ ಗೊತ್ತುಪಡಿಸಿದ ದಿನಾಂಕದಿಂದ ಐದು ವರ್ಷ ಎಂಬ ಅವಧಿಯನ್ನು ಇವೆರಡೂ ಎರಡು ಕಡೆಯಿಂದ ಬಿಗಿಹಿಡಿದಿವೆ. ಅವಧಿ ಮುಗಿದ ಮೇಲೂ ಅಧಿಕಾರದಲ್ಲಿ ಮುಂದುವರಿಯಬಹುದೇ ಎಂಬ ಪ್ರಶ್ನೆಗೆ ‘ನೋ ಲಾಂಗರ್’ ಎಂಬ ಎರಡು ಪದಗಳೇ ಉತ್ತರ.

ಆವರ್ತನೆಯನ್ನು ಹೇಳುವ ಪದಗಳಲ್ಲಿ ‘ವೀಕ್ಲಿ’, ‘ಫಾರ್ಟ್‌ನೈಟ್ಲಿ’, ‘ಮಂತ್ಲಿ’, ‘ಕ್ವಾರ್ಟರ್ಲಿ’, ‘ಆನ್ಯುಯಲಿ’ ಎಂಬಿವು ಕ್ರಮವಾಗಿ ವಾರಕ್ಕೊಮ್ಮೆ, ಹದಿನೈದು ದಿನಗಳಿಗೊಮ್ಮೆ, ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂದಾಗುತ್ತವೆ. ‘ಬೈಮಂತ್ಲಿ’ ಎಂಬ ಪದದ ವಿಷಯದಲ್ಲಿ ಎಚ್ಚರ ಅಗತ್ಯ. ನಿಘಂಟುಗಳು ಅದಕ್ಕೆ ತಿಂಗಳಿಗೆ ಎರಡು ಬಾರಿ ಎಂದೂ, ಎರಡು ತಿಂಗಳಿಗೊಮ್ಮೆ ಎಂದೂ ಎರಡು ಅರ್ಥಗಳನ್ನು ಕೊಡುತ್ತವೆ. ನೀರಿನ ತೊಟ್ಟಿ ಸ್ವಚ್ಛಗೊಳಿಸುವ ಕರಾರಿನಲ್ಲಿ ಈ ಪದ ಬಂದರೆ ವರ್ಷಕ್ಕೆ 24 ಬಾರಿಯೋ, 6 ಬಾರಿಯೋ ಎಂಬ ವಿವಾದಕ್ಕೆ ಎಡೆಯಾಗುತ್ತದೆ. ಇಂತಹ ಕಡೆ ಸಂಖ್ಯೆಯನ್ನೇ ಬರೆಯಿಸಿಕೊಳ್ಳುವುದು ಕ್ಷೇಮ.

6. ಸ್ಥಾನ: ಪದ ಎಲ್ಲಿದೆ ಎಂಬುದೇ ಅರ್ಥ

ಕನ್ನಡದಲ್ಲಿ ‘ಮಾತ್ರ’ ಎಂಬ ಪದವಾಗಲಿ ‘ಏ’ ಎಂಬ ಅವಧಾರಣೆಯ ಪ್ರತ್ಯಯವಾಗಲಿ ತಾನು ಒತ್ತಿ ಹೇಳುವ ಪದದ ನಂತರ ಬರುತ್ತದೆ: ‘ಗ್ರಾಮ ಸಭೆ ಮಾತ್ರ’, ‘ಗ್ರಾಮ ಸಭೆಯೇ’. ಆಂಗ್ಲದ ‘ಓನ್ಲಿ’ ಸಾಮಾನ್ಯವಾಗಿ ತಾನು ಒತ್ತಿ ಹೇಳುವ ಪದದ ಮುಂಚೆ ಬರುತ್ತದೆ. ಈ ಮೂರು ವಾಕ್ಯಗಳನ್ನು ಹೋಲಿಸಿ ನೋಡಬಹುದು.

ಅ) ‘ಓನ್ಲಿ ದ ಗ್ರಾಮ ಸಭಾ ಮೇ ಸೆಲೆಕ್ಟ್ ಲ್ಯಾಂಡ್‌ಲೆಸ್ ಫ್ಯಾಮಿಲೀಸ್’: ಭೂರಹಿತ ಕುಟುಂಬಗಳನ್ನು ಗ್ರಾಮ ಸಭೆ ಮಾತ್ರ ಆಯ್ಕೆ ಮಾಡಬಹುದು, ಬೇರೆ ಯಾರಿಗೂ ಆ ಅಧಿಕಾರವಿಲ್ಲ.

ಆ) ‘ದ ಗ್ರಾಮ ಸಭಾ ಮೇ ಓನ್ಲಿ ಸೆಲೆಕ್ಟ್ ಲ್ಯಾಂಡ್‌ಲೆಸ್ ಫ್ಯಾಮಿಲೀಸ್’: ಗ್ರಾಮ ಸಭೆಯು ಆಯ್ಕೆಯನ್ನು ಮಾತ್ರ ಮಾಡಬಹುದು, ಮಂಜೂರಾತಿ ಅದರ ಕೈಯಲ್ಲಿಲ್ಲ.

ಇ) ‘ದ ಗ್ರಾಮ ಸಭಾ ಮೇ ಸೆಲೆಕ್ಟ್ ಓನ್ಲಿ ಲ್ಯಾಂಡ್‌ಲೆಸ್ ಫ್ಯಾಮಿಲೀಸ್’: ಗ್ರಾಮ ಸಭೆಯು ಭೂರಹಿತ ಕುಟುಂಬಗಳನ್ನು ಮಾತ್ರ ಆಯ್ಕೆ ಮಾಡಬಹುದು; ಭೂಮಿಯುಳ್ಳವರನ್ನು ಮಾಡುವಂತಿಲ್ಲ.

ಪದಗಳು ಅವೇ. ಒಂದು ಪದ ಸ್ಥಳ ಬದಲಿಸಿದೆ. ಮೊದಲನೆಯದು ಅಧಿಕಾರ ಯಾರದೆಂದು ಹೇಳುತ್ತದೆ, ಎರಡನೆಯದು ಅಧಿಕಾರ ಎಷ್ಟೆಂದು, ಮೂರನೆಯದು ಅದು ಯಾರ ಮೇಲೆಂದು.

ಕೆಲವೊಮ್ಮೆ ಕ್ರಿಯಾವಿಶೇಷಣವು ಎರಡು ಕ್ರಿಯೆಗಳ ನಡುವೆ ಸಿಕ್ಕಿಕೊಂಡು ಎರಡೂ ಕಡೆಗೆ ಅನ್ವಯವಾಗುತ್ತದೆ. ‘ಮೆಂಬರ್ಸ್ ಹೂ ಅಟೆಂಡ್ ಮೀಟಿಂಗ್ಸ್ ರೆಗ್ಯುಲರ್ಲಿ ರಿಸೀವ್ ದ ಅಲೋವೆನ್ಸ್’ ಎಂಬ ವಾಕ್ಯವನ್ನು ಗಮನಿಸಿ. ಸಭೆಗೆ ಕ್ರಮವಾಗಿ ಹಾಜರಾಗುವ ಸದಸ್ಯರು ಭತ್ಯೆ ಪಡೆಯುತ್ತಾರೆಯೇ? ಅಥವಾ ಸಭೆಗೆ ಹಾಜರಾಗುವ ಸದಸ್ಯರು ಕ್ರಮವಾಗಿ ಭತ್ಯೆ ಪಡೆಯುತ್ತಾರೆಯೇ? ವಾಕ್ಯದಿಂದ ತಿಳಿಯದು. ಇಂತಹ ವಾಕ್ಯ ಕಂಡಾಗ ಊಹಿಸಿ ತೀರ್ಮಾನಕ್ಕೆ ಬರದೆ, ಹೊರಡಿಸಿದ ಕಚೇರಿಯಿಂದ ಲಿಖಿತ ಸ್ಪಷ್ಟೀಕರಣ ಪಡೆಯುವುದು ಯುಕ್ತ.

‘ನಾಟ್’ ಎಂಬುದರ ಸ್ಥಾನವೂ ಹೀಗೆಯೇ. ‘ನಾಟ್ ಆಲ್ ಅಪ್ಲಿಕೆಂಟ್ಸ್ ಆರ್ ಎಲಿಜಿಬಲ್’ ಎಂದರೆ ಅರ್ಜಿದಾರರೆಲ್ಲರೂ ಅರ್ಹರಲ್ಲ, ಕೆಲವರು ಅರ್ಹರು. ‘ಆಲ್ ಅಪ್ಲಿಕೆಂಟ್ಸ್ ಆರ್ ನಾಟ್ ಎಲಿಜಿಬಲ್’ ಎಂದರೆ ಒಬ್ಬರೂ ಅರ್ಹರಲ್ಲ ಎಂದೂ ಓದಬಹುದು, ಕೆಲವರು ಮಾತ್ರ ಅರ್ಹರು ಎಂದೂ ಓದಬಹುದು. ಎರಡನೆಯ ರಚನೆಯನ್ನು ಪಂಚಾಯಿತಿಯ ಪತ್ರಗಳಲ್ಲಿ ಬಳಸದಿರುವುದೇ ಒಳಿತು.

7. ಪಟ್ಟಿ ಮತ್ತು ಹೊಣೆ: ‘ರೆಸ್ಪೆಕ್ಟಿವ್ಲಿ’, ‘ಜಾಯಿಂಟ್ಲಿ’, ‘ಸೆವರಲಿ’

1, 2 ಮತ್ತು 3ನೇ ವಾರ್ಡುಗಳಿಗೆ 2 ಲಕ್ಷ, 3 ಲಕ್ಷ ಮತ್ತು 5 ಲಕ್ಷ ರೂಪಾಯಿ ‘ರೆಸ್ಪೆಕ್ಟಿವ್ಲಿ’ ಎಂದಿದ್ದರೆ, ಮೊದಲ ವಾರ್ಡಿಗೆ ಮೊದಲ ಮೊತ್ತ, ಎರಡನೆಯದಕ್ಕೆ ಎರಡನೆಯದು, ಮೂರನೆಯದಕ್ಕೆ ಮೂರನೆಯದು. ಕನ್ನಡದ ‘ಕ್ರಮವಾಗಿ’ ಎಂಬ ಪದ ಇದಕ್ಕೆ ಸಮ. ಕನ್ನಡಕ್ಕೆ ಇಳಿಸುವಾಗ ವಾರ್ಡುಗಳ ಕ್ರಮವನ್ನು ಬದಲಿಸಿದರೆ ಮೊತ್ತಗಳ ಕ್ರಮವನ್ನೂ ಬದಲಿಸಬೇಕು. ಮೊತ್ತದ ನಂತರ ‘ಈಚ್’ ಎಂದಿದ್ದರೆ ಅದು ‘ತಲಾ’ ಎಂದರ್ಥ.

‘ಜಾಯಿಂಟ್ಲಿ’ ಎಂದರೆ ಜಂಟಿಯಾಗಿ, ‘ಸೆವರಲಿ’ ಎಂದರೆ ಪ್ರತ್ಯೇಕವಾಗಿ. ಎರಡನೆಯ ಪದವನ್ನು ಹಲವು ಎಂಬರ್ಥದ ‘ಸೆವರಲ್’ ಎಂಬುದರೊಂದಿಗೆ ಬೆರೆಸಬಾರದು. ಕರಾರಿನಲ್ಲಿ ‘ಜಾಯಿಂಟ್ಲಿ ಅಂಡ್ ಸೆವರಲಿ ಲಯಬಲ್’ ಎಂದಿದ್ದರೆ ಸಹಿ ಹಾಕಿದವರೆಲ್ಲರೂ ಒಟ್ಟಾಗಿಯೂ ಹೊಣೆ, ಪ್ರತಿಯೊಬ್ಬರೂ ಪ್ರತ್ಯೇಕವಾಗಿಯೂ ಹೊಣೆ. ಇಡೀ ಮೊತ್ತವನ್ನು ಅವರಲ್ಲಿ ಒಬ್ಬರಿಂದಲೇ ವಸೂಲು ಮಾಡಲು ಅವಕಾಶವಿರುತ್ತದೆ. ಸ್ವಸಹಾಯ ಸಂಘಗಳ ಸಾಲದ ಪತ್ರಗಳನ್ನು ಮಹಿಳೆಯರು ತಮ್ಮ ಬಳಿ ತಂದು ತೋರಿಸಿದಾಗ ಸದಸ್ಯರು ಈ ನಾಲ್ಕು ಪದಗಳಿವೆಯೇ ಎಂದು ನೋಡಿ ಅರ್ಥವನ್ನು ತಿಳಿಸಿಕೊಡಬೇಕು.

8. ‘ಆರ್ಡಿನರಿಲಿ’: ಒಂದು ಪದ, ಒಂದು ಮತ

‘ಆರ್ಡಿನರಿಲಿ’ ಎಂದರೆ ಸಾಮಾನ್ಯವಾಗಿ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 19ನೇ ಪ್ರಕರಣದಂತೆ ಮತದಾರರ ಪಟ್ಟಿಗೆ ಸೇರಲು ವ್ಯಕ್ತಿಯು ಆ ಕ್ಷೇತ್ರದಲ್ಲಿ ‘ಆರ್ಡಿನರಿಲಿ ರೆಸಿಡೆಂಟ್’ ಆಗಿರಬೇಕು, ಅಂದರೆ ಸಾಮಾನ್ಯವಾಗಿ ವಾಸಿಸುತ್ತಿರಬೇಕು. ಯಾವಾಗಲೂ ಎಂಬರ್ಥದ ‘ಆಲ್ವೇಸ್’ ಅಥವಾ ನಿರಂತರವಾಗಿ ಎಂಬರ್ಥದ ‘ಕಂಟಿನ್ಯುವಸ್ಲಿ’ ಅಲ್ಲಿಲ್ಲ. 20ನೇ ಪ್ರಕರಣವು ಇದನ್ನು ಇನ್ನಷ್ಟು ಬಿಡಿಸುತ್ತದೆ. ಊರಿನಲ್ಲಿ ಮನೆಯಿದೆ ಎಂಬ ಒಂದೇ ಕಾರಣದಿಂದ ಒಬ್ಬರು ಅಲ್ಲಿಯ ಸಾಮಾನ್ಯ ನಿವಾಸಿಯಾಗುವುದಿಲ್ಲ. ಹಾಗೆಯೇ ‘ಟೆಂಪರರಿಲಿ’, ಅಂದರೆ ತಾತ್ಕಾಲಿಕವಾಗಿ, ಊರಿನಿಂದ ಹೊರಗೆ ಹೋದ ಕಾರಣಕ್ಕೆ ಒಬ್ಬರು ಸಾಮಾನ್ಯ ನಿವಾಸಿಯಾಗಿ ಉಳಿಯದೆ ಹೋಗುವುದೂ ಇಲ್ಲ.

ಸುಗ್ಗಿ ಮುಗಿದ ಮೇಲೆ ದುಡಿಮೆಗಾಗಿ ಗುಳೆ ಹೋಗಿ ಮಳೆಗಾಲಕ್ಕೆ ಮರಳುವ ಕುಟುಂಬಗಳಿಗೆ ಈ ಎರಡು ಕ್ರಿಯಾವಿಶೇಷಣಗಳೇ ಆಸರೆ. ಮನೆಗೆ ಬೀಗ ಹಾಕಿದೆ ಎಂಬ ಕಾರಣಕ್ಕೆ ಹೆಸರನ್ನು ತೆಗೆಯಲು ಯಾರಾದರೂ ಸೂಚಿಸಿದಾಗ, ಆ ಕುಟುಂಬ ಹೋಗಿರುವುದು ತಾತ್ಕಾಲಿಕವಾಗಿಯೋ ಶಾಶ್ವತವಾಗಿಯೋ ಎಂದು ಕೇಳುವುದು ವಾರ್ಡಿನ ಸದಸ್ಯರ ಕರ್ತವ್ಯವಾಗಿದೆ.

9. ‘ಹಿಯರ್’ ಮತ್ತು ‘ದೇರ್’ ಗುಂಪಿನ ಪದಗಳು

ಕಾನೂನಿನ ಬರಹದಲ್ಲಿ ‘ಹಿಯರ್‌ಬೈ’, ‘ಹಿಯರಿನ್’, ‘ದೇರಾಫ್’, ‘ದೇರಿನ್’, ‘ದೇರ್‌ಅಂಡರ್’ ಮುಂತಾದ ಪದಗಳು ಮೇಲಿಂದ ಮೇಲೆ ಬರುತ್ತವೆ. ಇವು ಕಠಿಣವಾಗಿ ಕಂಡರೂ ಕನ್ನಡಿಗರಿಗೆ ಸುಲಭ. ನಮ್ಮ ‘ಇಲ್ಲಿ, ಅಲ್ಲಿ’, ‘ಇದರ, ಅದರ’ ಎಂಬ ಜೋಡಿಯೇ ಅಲ್ಲಿಯೂ ಇದೆ. ‘ಹಿಯರ್’ ಇದ್ದರೆ ಓದುತ್ತಿರುವ ಈ ದಾಖಲೆ. ‘ದೇರ್’ ಇದ್ದರೆ ಅದಕ್ಕೆ ಮುಂಚೆ ಹೇಳಿದ ಆ ವಿಷಯ. ‘ಹಿಯರ್‌ಬೈ’ ಈ ಮೂಲಕ, ‘ಹಿಯರಿನ್’ ಇದರಲ್ಲಿ, ‘ದೇರಾಫ್’ ಅದರ, ‘ದೇರಿನ್’ ಅದರಲ್ಲಿ, ‘ದೇರ್‌ಅಂಡರ್’ ಅದರ ಅಡಿಯಲ್ಲಿ. ‘ದೇರ್’ ಗುಂಪಿನ ಪದ ಕಂಡಾಗ ‘ಅದು’ ಎಂದರೆ ಯಾವುದು ಎಂದು ಹಿಂದಿನ ಸಾಲಿನಲ್ಲಿ ಹುಡುಕಬೇಕು.

10. ಅಭ್ಯಾಸ

ಈ ಕೆಳಗಿನವುಗಳನ್ನು ಓದಿ, ಉತ್ತರವನ್ನು ನೋಡುವ ಮೊದಲು ತಾವೇ ಯೋಚಿಸತಕ್ಕದ್ದು.

ಪ್ರಶ್ನೆ 1: ‘ದ ಡ್ರೈನ್ ಈಸ್ ಹಾರ್ಡ್ಲಿ ಕ್ಲೀನ್ಡ್’. ಚರಂಡಿಯನ್ನು ಶ್ರಮವಹಿಸಿ ಸ್ವಚ್ಛಗೊಳಿಸಲಾಗುತ್ತಿದೆಯೇ?

ಪ್ರಶ್ನೆ 2: ‘ದ ಕಾಂಟ್ರಾಕ್ಟರ್ ಅಗ್ರೀಡ್ ಇಮ್ಮೀಡಿಯೆಟ್ಲಿ ಟು ರಿಪೇರ್ ದ ರೋಡ್’ ಎಂಬ ವಾಕ್ಯದ ಬಲದಿಂದ ದುರಸ್ತಿಯನ್ನು ತಕ್ಷಣ ಮಾಡಬೇಕೆಂದು ಒತ್ತಾಯಿಸಬಹುದೇ?

ಪ್ರಶ್ನೆ 3: ಉದ್ಯೋಗ ಖಾತರಿ ಕಾಯ್ದೆಯ 16ನೇ ಪ್ರಕರಣವು ವೆಚ್ಚದ ಲೆಕ್ಕದಲ್ಲಿ ‘ಅಟ್ ಲೀಸ್ಟ್’ ಶೇ. 50ರಷ್ಟು ಕಾಮಗಾರಿಗಳನ್ನು ಗ್ರಾಮ ಪಂಚಾಯಿತಿಗಳಿಗೆ ವಹಿಸಬೇಕೆಂದಿತು. ಶೇ. 70ರಷ್ಟನ್ನು ವಹಿಸಿದರೆ ಅದು ಆ ಪದಗಳಿಗೆ ವಿರುದ್ಧವೇ?

ಉತ್ತರ 1: ಇಲ್ಲ. ಚರಂಡಿಯನ್ನು ಸ್ವಚ್ಛಗೊಳಿಸುವುದೇ ಅಪರೂಪ ಎಂದರ್ಥ.

ಉತ್ತರ 2: ಆ ವಾಕ್ಯವೊಂದರಿಂದಲೇ ಸಾಧ್ಯವಿಲ್ಲ. ಅವರು ತಕ್ಷಣ ಒಪ್ಪಿದರು ಎಂಬುದೇ ಅದರ ಸಹಜ ಅರ್ಥ. ತಕ್ಷಣ ದುರಸ್ತಿ ಬೇಕಾದರೆ ‘ಇಮ್ಮೀಡಿಯೆಟ್ಲಿ’ ಎಂಬುದು ವಾಕ್ಯದ ಕೊನೆಯಲ್ಲಿ ‘ರೋಡ್’ ಪದದ ನಂತರ ಬರಬೇಕು. ಅದಕ್ಕಿಂತ ಮೇಲಾಗಿ ದಿನಾಂಕವನ್ನೇ ನಮೂದಿಸಬೇಕು.

ಉತ್ತರ 3: ಅಲ್ಲ. ಶೇ. 50 ಎಂಬುದು ಕನಿಷ್ಠ ಮಿತಿ.

11. ಸದಸ್ಯರು ಪಾಲಿಸಬಹುದಾದ ಕ್ರಮ

ಆಂಗ್ಲ ಭಾಷೆಯ ಆದೇಶ ಅಥವಾ ಮಾರ್ಗಸೂಚಿ ಸಭೆಯ ಮುಂದೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಸೂಕ್ತ. ಇದರಲ್ಲಿ ಕಾಲವನ್ನು ಹೇಳುವ ಪದ ಯಾವುದು? ಮಿತಿಯನ್ನು ಹೇಳುವ ಪದ ಕನಿಷ್ಠವನ್ನು ಸೂಚಿಸುತ್ತದೆಯೋ, ಗರಿಷ್ಠವನ್ನೋ? ‘ಓನ್ಲಿ’ ಮತ್ತು ‘ನಾಟ್’ ಯಾವ ಪದದ ಪಕ್ಕದಲ್ಲಿವೆ? ಎರಡು ಅರ್ಥಕ್ಕೆ ಎಡೆಗೊಡುವ ಪದ ಉಂಟೇ?

ಈ ಪ್ರಶ್ನೆಗಳನ್ನು ಸಭೆಯಲ್ಲಿಯೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಕೇಳಿ, ದೊರೆತ ಉತ್ತರವನ್ನು ಕನ್ನಡದಲ್ಲಿ ನಡವಳಿ ಪುಸ್ತಕದಲ್ಲಿ ದಾಖಲಿಸುವುದು ಒಳ್ಳೆಯದು. ಅರ್ಥವಾಗದ ಪದವನ್ನು ಕೇಳುವುದರಲ್ಲಿ ಯಾವ ಕುಂದೂ ಇಲ್ಲ. ಆಂಗ್ಲ ಭಾಷೆಯಲ್ಲಿ ಮಾತನಾಡಲು ಬಾರದ ಸದಸ್ಯರೂ ಈ ಪಾಠದಲ್ಲಿ ಬಂದಿರುವ ಪದಗಳನ್ನು ಗುರುತಿಸಲು ಕಲಿತರೆ, ತಮ್ಮ ಮುಂದಿರುವ ಕಾಗದ ತಮ್ಮ ಜನರಿಗೆ ಏನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಸಹಿ ಮಾಡುವ ಮೊದಲೇ ತಿಳಿಯಬಲ್ಲರು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಪಾಠವನ್ನು ಗಟ್ಟಿಯಾಗಿ ಓದಿಸಿ, ಕಚೇರಿಯಲ್ಲಿರುವ ಯಾವುದಾದರೊಂದು ಆದೇಶವನ್ನು ಇದೇ ಕ್ರಮದಲ್ಲಿ ಪರಿಶೀಲಿಸಬೇಕೆಂದು ಕೋರಲಾಗಿದೆ.